ಡೇಟಾಬೇಸ್ ಹೆಸರು ಕೊನೆಗೆ ಬರಲಿ, ಮೊದಲು ಏನು ಬಿಟ್ಟುಕೊಡುತ್ತೀರಿ ಅಂತ ಬರೆದಿಡಿ

ಬ್ಯಾಕೆಂಡ್ ಡಿಸೈನ್ ಬಗ್ಗೆ ಮಾತು ಶುರುವಾಗಿ ಸ್ವಲ್ಪ ಹೊತ್ತಿಗೇ 'ಕಸಾಂಡ್ರಾ ಹಾಕೋಣ', 'ಪೋಸ್ಟ್‌ಗ್ರೆಸ್ ಸಾಕು' ಅಂತ ಡೇಟಾಬೇಸ್ ಹೆಸರುಗಳು ಬರತೊಡಗುತ್ತವೆ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಮೊದಲು ನಿಮ್ಮ ಹತ್ತಿರ ಯಾವ್ಯಾವ ಡೇಟಾ ಇದೆ ಅಂತ ಪಟ್ಟಿ ಮಾಡಿ: ಹಣದ ಲೆಕ್ಕ, ಆರ್ಡರ್, ಲಾಗಿನ್ ಸೆಷನ್, ಲೈಕ್ ಎಣಿಕೆ, ಸರ್ಚ್ ಇಂಡೆಕ್ಸ್. ಆಮೇಲೆ ಒಂದೊಂದಕ್ಕೂ ಈ ಪ್ರಶ್ನೆ ಕೇಳಿ. ಕೊನೆಯ ಒಂದು ಸೆಕೆಂಡಿನಲ್ಲಿ ಬರೆದದ್ದು ಕಳೆದುಹೋದರೆ ಏನಾಗುತ್ತದೆ? ಸ್ವಲ್ಪ ಹಳೆಯದನ್ನು ತೋರಿಸಿದರೆ ಯಾರಿಗೆ ತೊಂದರೆ? ಐದು ನಿಮಿಷ ಏನೂ ಬರೆಯಲು ಆಗದಿದ್ದರೆ ನಡೆಯುತ್ತದಾ? ಲೈಕ್ ಎಣಿಕೆಗೂ ಹಣದ ಲೆಕ್ಕಕ್ಕೂ ಒಂದೇ ಉತ್ತರ ಬರುವುದಿಲ್ಲ, ಅಲ್ವಾ? ಹಾಗಿದ್ದ ಮೇಲೆ ಇಡೀ ಸಿಸ್ಟಮ್‌ಗೆ ಒಂದೇ ತೀರ್ಮಾನ ಯಾಕೆ?

ಇನ್ನೊಂದು ವಿಷಯ ಇಲ್ಲೇ ಇತ್ಯರ್ಥ ಮಾಡಿಕೊಳ್ಳಿ. ಹಲವು ಮೆಷಿನ್‌ಗಳು ಬೇಕಾಗುವುದು ಮುಖ್ಯವಾಗಿ ಎರಡು ಕಾರಣಕ್ಕೆ. ಒಂದು ಮೆಷಿನ್ ಸತ್ತರೂ ಕೆಲಸ ನಿಲ್ಲಬಾರದು ಅಂತ, ಇಲ್ಲವೇ ಡೇಟಾ ಮತ್ತು ರೈಟ್‌ಗಳು (ಬರಹಗಳು) ಒಂದೇ ಮೆಷಿನ್‌ನಲ್ಲಿ ಹಿಡಿಸುತ್ತಿಲ್ಲ ಅಂತ. ಮೊದಲನೆಯದಕ್ಕೆ ರೆಪ್ಲಿಕೇಶನ್, ಅಂದರೆ ಅದೇ ಡೇಟಾದ ಪ್ರತಿಯನ್ನು ಬೇರೆ ಮೆಷಿನ್‌ಗಳಲ್ಲೂ ಇಡುವುದು, ಸಾಕು. ಎರಡನೆಯದಕ್ಕೆ ಮಾತ್ರ ಶಾರ್ಡಿಂಗ್, ಅಂದರೆ ಡೇಟಾವನ್ನು ತುಂಡು ಮಾಡಿ ಮೆಷಿನ್‌ಗಳಿಗೆ ಹಂಚುವುದು, ಬೇಕು. ಇವೆರಡನ್ನೂ ಬೆರೆಸಿಕೊಂಡು ಬೇಕಿಲ್ಲದ ಶಾರ್ಡಿಂಗ್ ತಂದುಕೊಂಡವರು ಜಾಯಿನ್ (ಟೇಬಲ್‌ಗಳನ್ನು ಜೋಡಿಸಿ ಓದುವುದು), ಟ್ರಾನ್ಸಾಕ್ಷನ್ (ಹಲವು ಬದಲಾವಣೆ ಒಟ್ಟಿಗೆ ಆಗುವುದು, ಇಲ್ಲವೇ ಒಂದೂ ಆಗದಿರುವುದು), ಯೂನಿಕ್ ಕನ್‌ಸ್ಟ್ರೇಂಟ್ (ಒಂದೇ ಮೌಲ್ಯ ಎರಡು ಸಲ ಬರದಂತೆ ತಡೆಯುವುದು) ಎಲ್ಲವನ್ನೂ ಸುಮ್ನೆ ಕಳೆದುಕೊಳ್ಳುತ್ತಾರೆ. ಒಳ್ಳೆಯ ಡಿಸ್ಕ್, ಸಾಕಷ್ಟು ಮೆಮೊರಿ ಇರುವ ಒಂದೇ ಮೆಷಿನ್ ಎಷ್ಟು ದೂರ ಎಳೆಯುತ್ತದೆ ಅಂತ ಮೊದಲು ಅಳೆದು ನೋಡಿ.

ಈಗ ರೆಪ್ಲಿಕೇಶನ್. ಬರಹಗಳನ್ನು ಮೊದಲು ಪಡೆಯುವ ಮೆಷಿನ್ ಲೀಡರ್, ಅದರ ಪ್ರತಿ ಇಟ್ಟುಕೊಳ್ಳುವುದು ರೆಪ್ಲಿಕಾ. ಅಸಿಂಕ್ರೊನಸ್ ಇಟ್ಟರೆ ಲೀಡರ್ ತನ್ನ ಡಿಸ್ಕ್‌ಗೆ ಬರೆದ ತಕ್ಷಣ 'ಆಯಿತು' ಅನ್ನುತ್ತದೆ. ಆ ಬರಹ ರೆಪ್ಲಿಕಾಗೆ ಹೋಗುವ ಮೊದಲೇ ಲೀಡರ್ ಸತ್ತು ರೆಪ್ಲಿಕಾ ಪಟ್ಟಕ್ಕೇರಿದರೆ, ಬಳಕೆದಾರರಿಗೆ ಆಯಿತು ಅಂತ ಹೇಳಿದ ಬರಹವೇ ಇರುವುದಿಲ್ಲ. ಸಿಂಕ್ರೊನಸ್ ಇಟ್ಟರೆ ಅದು ಕಳೆಯುವುದಿಲ್ಲ, ಆದರೆ ಪ್ರತಿ ಕಮಿಟ್ (ಬರಹವನ್ನು ಖಾಯಂ ಮಾಡುವುದು) ಕೂಡ ಇನ್ನೊಂದು ಮೆಷಿನ್‌ಗಾಗಿ ಕಾಯುತ್ತದೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ರೆಪ್ಲಿಕಾ 1000 ಕಿಲೋಮೀಟರ್ ದೂರ ಇದ್ದರೆ ಹೋಗಿ ಬರಲು ಕನಿಷ್ಠ 10 ಮಿಲಿಸೆಕೆಂಡ್. ಯಾವ ಡೇಟಾಬೇಸ್ ಕೊಂಡರೂ ಇದು ಕಡಿಮೆಯಾಗುವುದಿಲ್ಲ.

ಒಂದೇ ಒಂದು ಸಿಂಕ್ರೊನಸ್ ರೆಪ್ಲಿಕಾ ಇಡಬೇಡಿ, ಅದು ಬಿದ್ದರೆ ಪೋಸ್ಟ್‌ಗ್ರೆಸ್‌ನಲ್ಲಿ ಕಮಿಟ್‌ಗಳು ಕಾಯುತ್ತಾ ನಿಂತುಬಿಡುತ್ತವೆ. ಎರಡು ಇಟ್ಟು, ಯಾವುದಾದರೂ ಒಂದರಿಂದ ಉತ್ತರ ಬಂದರೆ ಸಾಕು ಅಂತ ಹೇಳಿ. ಪೋಸ್ಟ್‌ಗ್ರೆಸ್‌ನಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಅಂದರೆ ಸಿಂಕ್ರೊನಸ್ ಕಮಿಟ್ ಅನ್ನುವ ಸೆಟ್ಟಿಂಗ್ ಅನ್ನು ಒಂದೊಂದು ಟ್ರಾನ್ಸಾಕ್ಷನ್‌ಗೂ ಬೇರೆ ಬೇರೆ ಇಡಬಹುದು. ಹಣ ಕಡಿತ ಮಾಡುವ ಟ್ರಾನ್ಸಾಕ್ಷನ್ ಕಾಯಲಿ, ಲೈಕ್ ಎಣಿಕೆ ಕಾಯದೆ ಹೋಗಲಿ. ಮೇಲೆ ಮಾಡಿದ ಪಟ್ಟಿ ನೇರವಾಗಿ ಇಲ್ಲಿ ಕೆಲಸಕ್ಕೆ ಬರುತ್ತದೆ.

ರೆಪ್ಲಿಕಾದಿಂದ ಓದಲು ಶುರು ಮಾಡಿದ ಕೂಡಲೇ ಎದುರಾಗುವ ಸಮಸ್ಯೆ ಇನ್ನೊಂದಿದೆ. ಬಳಕೆದಾರರು ವಿಳಾಸ ಬದಲಿಸಿ ಸೇವ್ ಒತ್ತುತ್ತಾರೆ. ಬರಹ ಲೀಡರ್‌ಗೆ ಹೋಗುತ್ತದೆ, ಪುಟ ಮತ್ತೆ ತೆರೆಯುವಾಗ ಓದು ರೆಪ್ಲಿಕಾಗೆ ಹೋಗುತ್ತದೆ, ಅದು ಅರ್ಧ ಸೆಕೆಂಡ್ ಹಿಂದಿದ್ದರೆ ಹಳೆಯ ವಿಳಾಸವೇ ಕಾಣಿಸುತ್ತದೆ, ಸೇವ್ ಆಗಲಿಲ್ಲ ಅಂದುಕೊಂಡು ಅವರು ಇನ್ನೊಮ್ಮೆ ಒತ್ತುತ್ತಾರೆ. ಬರೆದವರ ಓದುಗಳನ್ನು ಕೆಲವು ಸೆಕೆಂಡ್ ಲೀಡರ್‌ಗೇ ಕಳಿಸುವುದು ಸುಲಭದ ದಾರಿ, ಆದರೆ ರೆಪ್ಲಿಕಾ ಜಾಸ್ತಿ ಹಿಂದೆ ಬಿದ್ದ ದಿನ ಅದು ಕೈಕೊಡುತ್ತದೆ. ಗಟ್ಟಿಯಾದ ದಾರಿ ಹೀಗಿದೆ: ಕಮಿಟ್ ಆದ ಮೇಲೆ ವಾಲ್ (ಬದಲಾವಣೆಗಳನ್ನು ಮೊದಲು ಸಾಲಾಗಿ ಬರೆದಿಡುವ ಲಾಗ್) ಎಲ್ಲಿಯವರೆಗೆ ಬಂದಿದೆ ಅನ್ನುವ ಸಂಖ್ಯೆಯನ್ನು, ಅಂದರೆ ಎಲ್‌ಎಸ್‌ಎನ್ ಅನ್ನು, ಸೆಷನ್‌ನಲ್ಲಿ ಇಟ್ಟುಕೊಳ್ಳಿ. ಓದುವ ಮುಂಚೆ ರೆಪ್ಲಿಕಾ ಎಲ್ಲಿಯವರೆಗೆ ರೀಪ್ಲೇ ಮಾಡಿದೆ ಅಂತ ಕೇಳಿ. ಆ ಸಂಖ್ಯೆ ದಾಟಿದ್ದರೆ ಅಲ್ಲೇ ಓದಿ, ಇಲ್ಲವಾದರೆ ಲೀಡರ್‌ಗೆ ಹೋಗಿ.

ಕ್ಯಾಪ್ ಥಿಯರಂ ಬಗ್ಗೆ ಎಲ್ಲರೂ ಕೇಳಿರುತ್ತೀರಿ. ಕನ್ಸಿಸ್ಟೆನ್ಸಿ (ಎಲ್ಲೆಡೆ ಒಂದೇ ಹೊಸ ಡೇಟಾ), ಅವೈಲಬಿಲಿಟಿ (ಯಾವಾಗಲೂ ಉತ್ತರ), ಪಾರ್ಟಿಷನ್ ಟಾಲರೆನ್ಸ್ (ನೆಟ್‌ವರ್ಕ್ ತುಂಡಾದರೂ ನಡೆಯುವುದು), ಈ ಮೂರೂ ಒಟ್ಟಿಗೆ ಸಿಗುವುದಿಲ್ಲ ಅನ್ನುತ್ತದೆ ಅದು. ಎರಿಕ್ ಬ್ರೂವರ್ 2000ರಲ್ಲಿ ಮುಂದಿಟ್ಟರು, ಗಿಲ್ಬರ್ಟ್ ಮತ್ತು ಲಿಂಚ್ 2002ರಲ್ಲಿ ಸಾಧಿಸಿ ತೋರಿಸಿದರು. 'ಮೂರರಲ್ಲಿ ಎರಡು ಆರಿಸಿ' ಅಂತ ಅದನ್ನು ಹೇಳಿಕೊಡುವುದು ದಾರಿ ತಪ್ಪಿಸುತ್ತದೆ. ನೆಟ್‌ವರ್ಕ್ ತುಂಡಾಗುವುದು ನಿಮ್ಮ ಕೈಯಲ್ಲಿಲ್ಲ. ತುಂಡಾದಾಗ 'ಈಗ ಆಗುವುದಿಲ್ಲ' ಅನ್ನುತ್ತೀರಾ, ಅಥವಾ ಹಳೆಯದೋ ಹೊಸದೋ ಗೊತ್ತಿಲ್ಲದೆ ಉತ್ತರ ಕೊಡುತ್ತೀರಾ ಅನ್ನುವುದಷ್ಟೇ ಆಯ್ಕೆ. 2018ರ ಅಕ್ಟೋಬರ್ 21ರಂದು ಗಿಟ್‌ಹಬ್‌ನಲ್ಲಿ ಸಂಪರ್ಕ ಕಡಿದದ್ದು 43 ಸೆಕೆಂಡ್ ಮಾತ್ರ. ಅಷ್ಟರಲ್ಲಿ ಫೇಲ್‌ಓವರ್ (ಲೀಡರ್ ಪಟ್ಟ ಬೇರೆ ಮೆಷಿನ್‌ಗೆ ಹೋಗುವುದು) ತಂತಾನೇ ನಡೆದು ಅಮೆರಿಕದ ಪೂರ್ವದಲ್ಲೂ ಪಶ್ಚಿಮದಲ್ಲೂ ಒಂದರಲ್ಲಿರುವುದು ಇನ್ನೊಂದರಲ್ಲಿಲ್ಲದ ರೈಟ್‌ಗಳು ಉಳಿದುಕೊಂಡವು. ಡೇಟಾ ಕಳೆಯಬಾರದು ಅಂತ ಅವರು ನಿಧಾನವಾಗಿ ಸರಿಪಡಿಸಿದರು, ಸೇವೆ ಪೂರ್ತಿ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು. ಫೇಲ್‌ಓವರ್ ಅನ್ನು ಆಟೊಮ್ಯಾಟಿಕ್ ಮಾಡುವ ಮುಂಚೆ, ಅದು ಎಷ್ಟು ದೂರದ ಮೆಷಿನ್‌ಗೆ ಹೋಗಬಹುದು, ಎಷ್ಟು ಕಾದು ಹೋಗಬೇಕು ಅಂತ ನೀವೇ ಮಿತಿ ಹಾಕಿ.

ಕೋರಂ, ಅಂದರೆ ಬಹುಪಾಲು ಪ್ರತಿಗಳು ಒಪ್ಪಿದರೆ ಸಾಕು ಅನ್ನುವ ನಿಯಮ, ಇದೆ ಅಂದ ತಕ್ಷಣ ನೆಮ್ಮದಿ ಪಡಬೇಡಿ. 3 ಪ್ರತಿ, 2ರಲ್ಲಿ ಬರೆಯುವುದು, 2ರಿಂದ ಓದುವುದು, ಹಾಗಾಗಿ ಒಂದು ಪ್ರತಿಯಾದರೂ ಬರೆದದ್ದರಲ್ಲೂ ಓದಿದ್ದರಲ್ಲೂ ಬರುತ್ತದೆ, ಲೆಕ್ಕ ಸರಿ. ಆದರೆ ಒಂದೇ ಪ್ರತಿಗೆ ತಲುಪಿ 'ಫೇಲ್' ಅಂತ ಹೇಳಿದ ರೈಟ್ ಆಮೇಲೆ ಎದ್ದುಬರಬಹುದು. ಕಸಾಂಡ್ರಾದಂಥವುಗಳಲ್ಲಿ ಎರಡು ರೈಟ್‌ಗಳು ಡಿಕ್ಕಿ ಹೊಡೆದಾಗ ಟೈಮ್‌ಸ್ಟ್ಯಾಂಪ್ ದೊಡ್ಡದಿರುವುದು ಗೆಲ್ಲುತ್ತದೆ. ಒಂದು ಮೆಷಿನ್‌ನ ಗಡಿಯಾರ 2 ಸೆಕೆಂಡ್ ಮುಂದಿದೆ ಅಂದುಕೊಳ್ಳಿ. ಅದು ಬೆಲೆ 100 ಅಂತ ಬರೆಯಿತು. ಒಂದು ಸೆಕೆಂಡ್ ಬಿಟ್ಟು ಸರಿಯಾದ ಗಡಿಯಾರದ ಮೆಷಿನ್ 120 ಅಂತ ಬರೆಯಿತು, ಯಶಸ್ವಿ ಅಂತ ಉತ್ತರವೂ ಬಂತು. ಓದಿದರೆ 100. ಎಲ್ಲೂ ಎರರ್ ಇಲ್ಲ, ಲಾಗ್ ಇಲ್ಲ. ಕ್ರಮ ಮುಖ್ಯವಾದ ಡೇಟಾ ಇದ್ದರೆ ರಾಫ್ಟ್ (ಬಹುಪಾಲು ಮೆಷಿನ್‌ಗಳು ಬರಹಗಳ ಒಂದೇ ಕ್ರಮಕ್ಕೆ ಒಪ್ಪುವ ವಿಧಾನ) ಬಳಸುವ ಸಿಸ್ಟಮ್‌ಗೆ ಹೋಗಿ, ಇಟಿಸಿಡಿ ಅಥವಾ ಕಾಕ್ರೋಚ್‌ಡಿಬಿ ಥರದ್ದು. ಅಲ್ಲಿ 3 ಮೆಷಿನ್ ಇದ್ದರೆ 1 ಸತ್ತರೂ ನಡೆಯುತ್ತದೆ, 5 ಇದ್ದರೆ 2. 4 ಇಟ್ಟರೂ 1 ಮಾತ್ರ, ಅದಕ್ಕೇ ಬೆಸ ಸಂಖ್ಯೆ.

ಶಾರ್ಡಿಂಗ್ ಬೇಕೇ ಬೇಕು ಅಂತ ಖಾತ್ರಿಯಾದರೆ ಎಲ್ಲಕ್ಕಿಂತ ಜಾಸ್ತಿ ಸಮಯ ಕೀ (ಯಾವ ಡೇಟಾ ಯಾವ ಮೆಷಿನ್‌ಗೆ ಅಂತ ನಿರ್ಧರಿಸುವ ಮೌಲ್ಯ) ಆರಿಸುವುದರಲ್ಲಿ ಕಳೆಯಿರಿ, ಆಮೇಲೆ ಬದಲಿಸುವುದು ನಿಜಕ್ಕೂ ಕಷ್ಟ. ತಾರೀಕಿನ ಪ್ರಕಾರ ಹಂಚಿದರೆ ಇವತ್ತಿನ ರೈಟ್‌ಗಳೆಲ್ಲ ಒಂದೇ ಮೆಷಿನ್ ಮೇಲೆ ಬೀಳುತ್ತವೆ, ಉಳಿದವು ಖಾಲಿ ಕೂತಿರುತ್ತವೆ. ಹ್ಯಾಶ್ ಮಾಡಿದರೆ (ಕೀಯನ್ನು ಚೆಲ್ಲಾಪಿಲ್ಲಿ ಕಾಣುವ ಸಂಖ್ಯೆಯಾಗಿ ಬದಲಿಸಿದರೆ) ಹಂಚಿಕೆ ಸಮ, ಆದರೆ 'ಈ ವಾರದ್ದು ಕೊಡು' ಅಂದರೆ ಎಲ್ಲ ಮೆಷಿನ್ ಬಾಗಿಲನ್ನೂ ತಟ್ಟಬೇಕು. ಹ್ಯಾಶ್ ಅನ್ನು ಮೆಷಿನ್ ಸಂಖ್ಯೆಯಿಂದ ಭಾಗಿಸಿ ಶೇಷ ತೆಗೆಯುವುದಂತೂ ಬೇಡ. 4 ಮೆಷಿನ್ 5 ಆದಾಗ ಶೇಕಡಾ 80 ಕೀಗಳು ಜಾಗ ಬದಲಿಸುತ್ತವೆ. ಮೊದಲೇ ತುಂಬಾ ಸಣ್ಣ ಸಣ್ಣ ಭಾಗ ಮಾಡಿ, ಆ ಭಾಗಗಳನ್ನು ಮೆಷಿನ್‌ಗಳಿಗೆ ಹಂಚಿ. ರೆಡಿಸ್ ಕ್ಲಸ್ಟರ್ 16384 ಸ್ಲಾಟ್ ಇಟ್ಟುಕೊಂಡು ಮಾಡುವುದು ಇದನ್ನೇ.

ಸ್ಟೋರೇಜ್ ಎಂಜಿನ್ ಬಗ್ಗೆ ಚುಟುಕಾಗಿ: ಓದು ಜಾಸ್ತಿ ಇದ್ದರೆ ಬಿ-ಟ್ರೀ (ಡೇಟಾವನ್ನು ಅದರ ಜಾಗದಲ್ಲೇ ತಿದ್ದುವ ಮರದಂಥ ರಚನೆ), ರೈಟ್ ಸುರಿಯುತ್ತಿದ್ದರೆ ಎಲ್‌ಎಸ್‌ಎಂ (ಹೊಸದನ್ನು ಸೇರಿಸುತ್ತಾ ಹೋಗಿ ಆಮೇಲೆ ಫೈಲ್‌ಗಳನ್ನು ಬೆರೆಸುವ ರಚನೆ). ಎಲ್‌ಎಸ್‌ಎಂನಲ್ಲಿ ಡಿಲೀಟ್ ಕೂಡ ಒಂದು ರೈಟ್, 'ಅಳಿಸಿದೆ' ಅನ್ನುವ ಗುರುತು, ಅಂದರೆ ಟೂಂಬ್‌ಸ್ಟೋನ್, ಉಳಿಯುತ್ತದೆ. ಕಸಾಂಡ್ರಾದಲ್ಲಿ ಡೀಫಾಲ್ಟ್ ಆಗಿ ಕನಿಷ್ಠ 10 ದಿನ. ಕಸಾಂಡ್ರಾವನ್ನು ಕ್ಯೂ ಥರ (ಹಾಕಿ, ಓದಿ, ಅಳಿಸುತ್ತಾ) ಬಳಸಿದರೆ ಓದು ನಿಧಾನವಾಗುತ್ತಾ ಹೋಗುತ್ತದೆ.

ಟೈಮ್‌ಔಟ್ ಅಂದರೆ ಫೇಲ್ ಅಂತ ಅರ್ಥ ಮಾಡಿಕೊಳ್ಳಬೇಡಿ, ಆಗಿದೆಯೋ ಇಲ್ಲವೋ ಗೊತ್ತಿಲ್ಲ ಅಂತ ಅಷ್ಟೇ. ಕ್ಲೈಂಟ್ ಪ್ರತಿ ಕೋರಿಕೆಗೂ ಒಂದು ಐಡಿ ಕಳಿಸಲಿ, ಮತ್ತೆ ಪ್ರಯತ್ನಿಸುವಾಗ ಅದೇ ಐಡಿ ಬರಲಿ, ಅದರ ಮೇಲೆ ಯೂನಿಕ್ ಕನ್‌ಸ್ಟ್ರೇಂಟ್ ಇರಲಿ.

ಇಷ್ಟಾದ ಮೇಲೆ ಒಂದು ಪರೀಕ್ಷೆ ಮಾಡಿ. 1, 2, 3 ಅಂತ ಸಂಖ್ಯೆಗಳನ್ನು ಬರೆಯುತ್ತಾ ಹೋಗುವ ಸಣ್ಣ ಪ್ರೋಗ್ರಾಂ ಓಡಿಸಿ, 'ಆಯಿತು' ಅಂತ ಉತ್ತರ ಬಂದ ಸಂಖ್ಯೆಗಳನ್ನು ಬೇರೆ ಫೈಲ್‌ನಲ್ಲಿ ಇಟ್ಟುಕೊಳ್ಳಿ. ಮಧ್ಯದಲ್ಲಿ ಲೀಡರ್ ಪ್ರೋಸೆಸ್ ಅನ್ನು ಕೊಲ್ಲಿ. ಇನ್ನೊಮ್ಮೆ ನೆಟ್‌ವರ್ಕ್ ಮಾತ್ರ ಕಡಿಯಿರಿ, ಎರಡೂ ಬೇರೆ ಬೇರೆ ಫಲಿತಾಂಶ ಕೊಡುತ್ತವೆ. ಫೇಲ್‌ಓವರ್ ಮುಗಿದ ಮೇಲೆ ಫೈಲ್‌ನಲ್ಲಿದ್ದು ಡೇಟಾಬೇಸ್‌ನಲ್ಲಿ ಇಲ್ಲದ ಸಂಖ್ಯೆ ಎಷ್ಟು ಅಂತ ಎಣಿಸಿ, ಬರೆಯಲು ಆಗದೆ ನಿಂತ ಸೆಕೆಂಡ್ ಎಷ್ಟು ಅಂತ ನೋಡಿ, ಇವೆರಡನ್ನೂ ಮೊದಲು ಮಾಡಿದ ಪಟ್ಟಿಯ ಪಕ್ಕದಲ್ಲಿ ಬರೆಯಿರಿ. ಹಣದ ಲೆಕ್ಕದ ಸಾಲಿನಲ್ಲಿ ಕಳೆದ ಸಂಖ್ಯೆ ಸೊನ್ನೆ ಇಲ್ಲದಿದ್ದರೆ ರೆಪ್ಲಿಕೇಶನ್ ಸೆಟ್ಟಿಂಗ್‌ಗೆ ವಾಪಸ್ ಹೋಗಿ.