ನಮ್ಮ ಮನೆಯ ಪ್ರಾರ್ಥನೆಯಲ್ಲಿ ಆ ಇಬ್ಬರ ಹೆಸರೂ ಇದೆ

ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಜನ ಎರಡು ಮಾತು ಹೇಳುತ್ತಾರೆ. "ಆದದ್ದು ಆಯ್ತು, ಮರೆತುಬಿಡು, ಮಗನ ಮುಖ ನೋಡಿಕೊಂಡು ಇರು" ಅನ್ನುವವರು ಕೆಲವರು. "ಇನ್ನೂ ವಯಸ್ಸಿದೆ, ಇನ್ನೊಂದು ಮದುವೆ ಮಾಡ್ಕೋ, ಎಲ್ಲಾ ಮರೆತುಹೋಗುತ್ತೆ" ಅನ್ನುವವರು ಇನ್ನು ಕೆಲವರು. ಯಾರ ಮಾತು ಕೇಳಿದರೂ ಮರೆಯಲೇಬೇಕು. ನಾನು ಮರೆಯಲಿಲ್ಲ. ಮರೆಯದೆಯೇ ಮನಸ್ಸು ವಾಸಿಯಾಯಿತು, ಮರೆಯದೆಯೇ ಎರಡನೇ ಮದುವೆಯೂ ಆಯಿತು. ನನ್ನಂಥ ಹೆಣ್ಣುಮಕ್ಕಳು ನಮ್ಮ ಕ್ರೈಸ್ತ ಸಭೆಗಳಲ್ಲಿ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕೊಡಗಿನ ಸಿದ್ದಾಪುರದ ಕಡೆ. ನನ್ನ ಮೊದಲ ಗಂಡ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಗುಮಾಸ್ತ, ಆಗಿದ್ದರು. ಕರಿಮೆಣಸು ಕೊಯ್ಯುವ ಕಾಲ. ಅಲ್ಯುಮಿನಿಯಂ ಏಣಿಯನ್ನು ಮೆಣಸಿನ ಬಳ್ಳಿ ಹಬ್ಬಿದ ಒಂದು ಸಿಲ್ವರ್ ಮರದಿಂದ ಇನ್ನೊಂದಕ್ಕೆ ಸರಿಸುವಾಗ ಅದು ಮೇಲಿನ ಕರೆಂಟ್ ಲೈನ್‌ಗೆ ತಾಗಿತು. ಕೊಡಗಿನವರಿಗೆ ಈ ಸುದ್ದಿ ಹೊಸದಲ್ಲ. ದಯವಿಟ್ಟು ಲೈನ್ ಹತ್ತಿರ ಲೋಹದ ಏಣಿ ಎತ್ತಬೇಡಿ. ಮೊದಲು ಕರೆಂಟ್ ತೆಗೆಸಿ, ಆಮೇಲೆ ಮರಕ್ಕೆ ಹತ್ತಿ. ನಾನು ಸಿಕ್ಕವರಿಗೆಲ್ಲ ಇದನ್ನು ಹೇಳುತ್ತೇನೆ.

ಅವರು ಹೋದ ಮೇಲೆ ಬಹಳ ಕಾಲ ನನಗೆ ಪ್ರಾರ್ಥನೆ ಮಾಡಲು ಆಗಲಿಲ್ಲ. ಬಾಯಿ ತೆರೆದರೆ ಮಾತೇ ಬರುತ್ತಿರಲಿಲ್ಲ. "ಎಲ್ಲಾ ದೇವರ ಚಿತ್ತ" ಅಂದವರಿಗೆ ಉತ್ತರ ಕೊಡದೆ ಒಳಗೆ ಹೋಗಿಬಿಡುತ್ತಿದ್ದೆ. ಒಂದು ದಿನ ಮಹಿಳಾ ಕೂಟದ ಒಬ್ಬರು ಅಜ್ಜಿ ಅಕ್ಕಿ ರೊಟ್ಟಿ ಸುತ್ತಿಕೊಂಡು ಬಂದರು. ಬುದ್ಧಿಮಾತು ಏನೂ ಹೇಳಲಿಲ್ಲ. ನಾನು ತಿನ್ನುವವರೆಗೂ ಸುಮ್ನೆ ಕೂತಿದ್ದು, ಆಮೇಲೆ ಸತ್ಯವೇದ (ಬೈಬಲ್) ತೆಗೆದು 88ನೇ ಕೀರ್ತನೆ ಓದಿದರು. ಕಷ್ಟದಲ್ಲಿ ಕೂಗುವ ಕೀರ್ತನೆಗಳು ಬೇರೆಯೂ ಇವೆ. ಅವುಗಳಲ್ಲಿ ಹೆಚ್ಚಿನವು ಕೊನೆಗೆ ಬರುವಷ್ಟರಲ್ಲಿ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. "ಇದೂ ಇದರೊಳಗೇ ಇದೆ ಮಗಳೇ, ನೀನೂ ಹೀಗೇ ಕೂಗು" ಅಂದರು.

ನನ್ನ ವಾಸಿಯ ದಾರಿ ಅಲ್ಲಿಂದ ಶುರುವಾಯಿತು. ಮಗ ಮಲಗಿದ ಮೇಲೆ ದಿನಕ್ಕೊಂದು ಕೀರ್ತನೆಯನ್ನು ಗಟ್ಟಿಯಾಗಿ ಓದುತ್ತಿದ್ದೆ. ನನ್ನ ಸ್ವಂತ ಮಾತು ಬಾರದಿದ್ದಾಗ ಆ ಮಾತುಗಳನ್ನೇ ನನ್ನವು ಮಾಡಿಕೊಂಡೆ. ಯೋಹಾನನ ಸುವಾರ್ತೆಯ 11ನೇ ಅಧ್ಯಾಯಕ್ಕೂ ಮತ್ತೆ ಮತ್ತೆ ಹೋಗುತ್ತಿದ್ದೆ. ಸತ್ತುಹೋಗಿದ್ದ ಗೆಳೆಯ ಲಾಜರನನ್ನು ಇನ್ನೇನು ಎಬ್ಬಿಸುತ್ತೇನೆ ಅಂತ ಯೇಸುವಿಗೆ ಗೊತ್ತಿತ್ತು. ಆದರೂ ಅತ್ತ. ಪುನರುತ್ಥಾನದಲ್ಲಿ ನಂಬಿಕೆ ಇದ್ದವರು ಅಳಬಾರದು ಅನ್ನುವವರು ಆ ಅಧ್ಯಾಯವನ್ನು ಇನ್ನೊಮ್ಮೆ ಓದಲಿ.

ಈಗಿನ ನನ್ನ ಯಜಮಾನರು ಮಡಿಕೇರಿಯಲ್ಲಿ ಮೇಷ್ಟ್ರು. ಅವರ ಹೆಂಡತಿ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು, ಒಬ್ಬಳು ಮಗಳಿದ್ದಳು. ಪರಿಚಯದವರು ಮಾತು ತಂದಾಗ ಸುಮ್ನೆ ಒಮ್ಮೆ ಭೇಟಿಯಾಗೋಣ ಅಂತ ಒಪ್ಪಿಕೊಂಡೆ. ಕಾಫಿ ಕೊಟ್ಟು ಕೂತ ಮೇಲೆ ಅವರು ಮೊದಲು ಕೇಳಿದ್ದು, "ನಿಮ್ಮ ಯಜಮಾನರ ಹೆಸರೇನು?" ಅಂತ. ನನ್ನ ಗಂಡ ತೀರಿಹೋದ ಮೇಲೆ ಆ ಹೆಸರನ್ನು ನನ್ನ ಮುಂದೆ ಎತ್ತಲು ಎಲ್ಲರೂ ಹೆದರುತ್ತಿದ್ದರು. ನಾನು ಹೇಳಿದೆ. ಆಮೇಲೆ ನಾನೂ ಅವರ ಹೆಂಡತಿಯ ಹೆಸರು ಕೇಳಿದೆ. ಅವತ್ತು ಮದುವೆ ಮಾತು ಬರಲೇ ಇಲ್ಲ. ಆ ಇಬ್ಬರ ಬಗ್ಗೆಯೇ ಮಾತಾಡಿದೆವು.

ಒಪ್ಪಿಗೆ ಕೊಡುವ ಮುಂಚೆ ನನಗೊಂದು ಪ್ರಶ್ನೆ ಕಾಡುತ್ತಿತ್ತು. ಪರಲೋಕದಲ್ಲಿ ನಾನು ಯಾರ ಹೆಂಡತಿ? ನಾಚಿಕೆ ಬಿಟ್ಟು ಸಭಾಪಾಲಕರನ್ನೇ ಕೇಳಿದೆ. ಅವರು ಮತ್ತಾಯ 22ನೇ ಅಧ್ಯಾಯ ತೆಗೆದರು. ಏಳು ಜನ ಅಣ್ಣತಮ್ಮಂದಿರನ್ನು ಒಬ್ಬರಾದ ಮೇಲೆ ಒಬ್ಬರಂತೆ ಮದುವೆಯಾದ ಹೆಂಗಸಿನ ಕಥೆ ಹೇಳಿ, ಪುನರುತ್ಥಾನವೇ ಇಲ್ಲ ಅನ್ನುತ್ತಿದ್ದ ಸದ್ದುಕಾಯರು ಯೇಸುವನ್ನು ಕೇಳಿದ್ದೂ ಇದನ್ನೇ. ಅಲ್ಲಿ ಮದುವೆ ಮಾಡಿಕೊಳ್ಳುವುದೂ ಇಲ್ಲ, ಮಾಡಿಕೊಡುವುದೂ ಇಲ್ಲ ಅಂದ ಯೇಸು. ಮೊದಲು ಕೇಳಿದಾಗ ಎದೆ ಹಿಂಡಿದಂತಾಯಿತು. ಮನೆಗೆ ಬಂದು ಯೋಚಿಸುತ್ತಾ ಹೋದಂತೆ ಭಾರ ಇಳಿಯಿತು. ನನ್ನ ಮೊದಲ ಗಂಡ ಈಗ ದೇವರ ಕೈಯಲ್ಲಿದ್ದಾರೆ. ಅವರಿಂದ ನಾನು ಏನನ್ನೂ ಕಸಿದುಕೊಳ್ಳುತ್ತಿಲ್ಲ. ಗಂಡ ಸತ್ತ ಮೇಲೆ ಹೆಂಡತಿ ತನಗೆ ಇಷ್ಟ ಬಂದವನನ್ನು ಮದುವೆಯಾಗಬಹುದು, ಅವನು ಕರ್ತನಲ್ಲಿ ನಂಬಿಕೆ ಇಟ್ಟವನಾಗಿದ್ದರೆ ಸಾಕು ಅಂತ ಪೌಲನೂ ಕೊರಿಂಥದವರಿಗೆ ಬರೆದಿದ್ದಾನೆ.

ನಮ್ಮ ಸಭೆಯವರಿಗೆ ಇದು ಹೊಸ ವಿಷಯವೂ ಅಲ್ಲ. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತಂದ, ಆಮೇಲೆ ಕೊಡಗಿಗೆ ಬಂದು ಆನಂದಪುರದ ಸಭೆ ಕಟ್ಟಿದ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗರ ಹೆಂಡತಿ ಪಾಲಿನ್ ಕೂಡ ವಿಧವೆ. ಅವರ ಮೊದಲ ಗಂಡ ವೈಗ್ಲೆ. ಮೋಗ್ಲಿಂಗರ ಜೊತೆ ಕೆಲಸ ಮಾಡಿದವರು, ಸತ್ಯವೇದದ ಕನ್ನಡ ಅನುವಾದಕ್ಕೆ ದುಡಿದವರು. ಪಾಲಿನ್ ಅವರ ಆರೋಗ್ಯ ಕೆಟ್ಟಾಗ, 1860ರಲ್ಲಿ, ಮೋಗ್ಲಿಂಗರು ಇಲ್ಲಿಯ ಕೆಲಸ ಬಿಟ್ಟು ಜರ್ಮನಿಗೆ ಹೊರಟರು. ನಮ್ಮಲ್ಲಿ ಮೋಗ್ಲಿಂಗರ ಹೆಸರು ಎಲ್ಲರಿಗೂ ಗೊತ್ತು, ಪಾಲಿನ್ ಅವರನ್ನು ಯಾರೂ ನೆನೆಸುವುದಿಲ್ಲ. ನನಗೆ ಅದು ಬೇಜಾರು.

ಮೂರು ಭಾನುವಾರ ಸಭೆಯಲ್ಲಿ ನಮ್ಮ ಮದುವೆಯ ಪ್ರಕಟಣೆ ಆಯಿತು, ಮದುವೆ ಆಯಿತು. ಕಷ್ಟ ಇದ್ದದ್ದು ಆಮೇಲೆ.

ಹಾಲ್‌ನಲ್ಲಿ ಆ ಇಬ್ಬರ ಫೋಟೋನೂ ಇಟ್ಟಿದ್ದೇವೆ. ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಅವರಿಬ್ಬರಿಗಾಗಿ ದೇವರಿಗೆ ಸ್ತೋತ್ರ ಹೇಳುತ್ತೇವೆ, ಹೆಸರು ಹಿಡಿದು. ನನ್ನ ಮಗ ಅವನ ಅಪ್ಪನ ಹೆಸರು ಹೇಳುತ್ತಾನೆ, ಯಜಮಾನರ ಮಗಳು ಅವಳ ಅಮ್ಮನ ಹೆಸರು ಹೇಳುತ್ತಾಳೆ. ಮಗ ನನ್ನ ಈಗಿನ ಯಜಮಾನರನ್ನು ಬಹಳ ದಿನ ಅಂಕಲ್ ಅಂತಲೇ ಕರೆದ. ಕರೆಯಲಿ ಅಂತ ಬಿಟ್ಟೆವು. ಮಗಳಂತೂ ನನ್ನ ಹತ್ತಿರ ಮಾತೇ ಆಡುತ್ತಿರಲಿಲ್ಲ. ಅಡುಗೆಮನೆಯಲ್ಲಿ ಅವಳ ಅಮ್ಮನ ನೂಲ್‌ಪುಟ್ಟು (ಶಾವಿಗೆ) ಒತ್ತುವ ಒರಳು ಇತ್ತು. ಅವರು ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಒಂದು ಭಾನುವಾರ ಅವಳನ್ನು ಕರೆದು, "ಅಮ್ಮ ಹೇಗೆ ಮಾಡ್ತಿದ್ರು, ತೋರಿಸ್ತೀಯಾ?" ಅಂದೆ. ಹಿಟ್ಟು ಎಷ್ಟು ಬಿಸಿ ಇರಬೇಕು, ಯಾವ ಬಿಲ್ಲೆ ಹಾಕಬೇಕು, ಎಲ್ಲ ಅವಳೇ ಹೇಳಿದಳು. ನಾನು ಒತ್ತಿದೆ. "ಅಮ್ಮ ಇಷ್ಟು ದಪ್ಪ ಮಾಡ್ತಿರಲಿಲ್ಲ" ಅಂದಳು. ಬಿಲ್ಲೆ ಬದಲಾಯಿಸಿದೆವು. ಆಮೇಲೆ ಅವಳ ಅಮ್ಮನ ಬಗ್ಗೆ ನನ್ನ ಹತ್ತಿರವೇ ಬಂದು ಹೇಳತೊಡಗಿದಳು.

ಗಂಡಹೆಂಡತಿ ನಡುವೆ ಜಗಳ ಇಲ್ಲ ಅಂತಲ್ಲ. ಜಾಸ್ತಿ ದುಡ್ಡಿನದ್ದೇ. ನಾವು ಎರಡು ಕಟ್ಟುಪಾಡು ಮಾಡಿಕೊಂಡಿದ್ದೇವೆ. ಜಗಳದಲ್ಲಿ ತೀರಿಕೊಂಡವರನ್ನು ಎಳೆದು ತಂದು ಹೋಲಿಸಬಾರದು. ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ಭಾನುವಾರದ ಹಿಂದಿನ ರಾತ್ರಿ ಬಾಕಿ ಇರುವ ಮಾತೆಲ್ಲ ಆಡಿ ಮುಗಿಸಬೇಕು. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಅಂತ ಯೇಸು ಹೇಳಿದ್ದನ್ನು ನಾವು ಹಾಗೇ ಪಾಲಿಸುತ್ತೇವೆ. ಕೆಲವು ಶನಿವಾರ ರಾತ್ರಿ ಬಹಳ ಹೊತ್ತಾಗುತ್ತದೆ. ಆದರೂ ಬಿಡುವುದಿಲ್ಲ.

ಕೊನೆಗೆ ಆಸ್ತಿಯ ಮಾತು. ಸತ್ಯವೇದದಲ್ಲಿ ಬೋವಜನನ್ನು ಮದುವೆಯಾದ ವಿಧವೆ ರೂತಳ ಕಥೆಯನ್ನು ಮದುವೆಗಳಲ್ಲಿ ಚಂದ ಮಾಡಿ ಹೇಳುತ್ತಾರೆ. ಆದರೆ 4ನೇ ಅಧ್ಯಾಯದಲ್ಲಿ ಬೋವಜನು ಊರಬಾಗಿಲಲ್ಲಿ ಹಿರಿಯರನ್ನು ಕೂರಿಸಿ, ಹೊಲದ ವ್ಯವಹಾರವನ್ನೂ ಸಾಕ್ಷಿ ಸಮೇತ ಮುಗಿಸುತ್ತಾನೆ, ಸತ್ತವನ ಹೆಸರು ಅಳಿಯಬಾರದು ಅಂತ. ನಾವೂ ಹಾಗೇ ಮಾಡಿದೆವು. ನಮ್ಮ ಕ್ರೈಸ್ತರಿಗೆ ಸಾಮಾನ್ಯವಾಗಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಗಂಡ ವಿಲ್ ಬರೆಯದೆ ಹೋದರೆ ಮೂರರಲ್ಲಿ ಒಂದು ಪಾಲು ವಿಧವೆಗೆ, ಎರಡು ಪಾಲು ಮಕ್ಕಳಿಗೆ. ಮೊದಲ ಗಂಡನ ಸಾವಿಗೆ ಬಂದ ಪರಿಹಾರದ ಹಣದಲ್ಲಿ ಮಗನ ಪಾಲನ್ನು ಅವನ ಹೆಸರಲ್ಲೇ ಇಟ್ಟೆ. ಮಗಳ ಅಮ್ಮನ ಒಡವೆ ಪೂರ್ತಿ ಮಗಳಿಗೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಮದುವೆಗೆ ಮುಂಚೆ ಬರೆದ ವಿಲ್ ಮದುವೆಯಾದ ಕೂಡಲೇ ರದ್ದಾಗುತ್ತದೆ. ಮಕ್ಕಳಿಗೆ ಅಂತ ಮೊದಲೇ ಬರೆದಿಟ್ಟಿದ್ದೇವಲ್ಲ ಅಂತ ಧೈರ್ಯವಾಗಿ ಇರಬೇಡಿ. ಮಾತುಕತೆಯನ್ನು ಮದುವೆಗೆ ಮುಂಚೆ ಮುಗಿಸಿ, ವಿಲ್ಲನ್ನು ಮದುವೆಯಾದ ಮೇಲೆ ಹೊಸದಾಗಿ ಬರೆಸಿ. ನಾವು ಬರೆಸಿದ ಮೇಲೆ ಮಕ್ಕಳಿಬ್ಬರನ್ನೂ ಕೂರಿಸಿ ಪೂರ್ತಿ ಓದಿ ಹೇಳಿದೆವು.