ಕ್ಯಾರವಾನಿಗೆ ಬಿಸಿಲು ಚಪ್ಪರ: ಬಟ್ಟೆಗಿಂತ ಮೊದಲು ನೆರಳನ್ನು ಅಳೆಯಿರಿ

ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಕ್ಯಾರವಾನಿನಲ್ಲಿ ಮಲಗುವುದಕ್ಕೂ ಅಡುಗೆಗೂ ಜಾಗವಿರುತ್ತದೆ. ಆದರೆ ತೆಳು ಗೋಡೆಗಳ ಆ ಪುಟ್ಟ ಕೋಣೆ ಬಿಸಿಲೇರುತ್ತಿದ್ದಂತೆ ಕಾದುಹೋಗುವುದರಿಂದ, ಪ್ರವಾಸಕ್ಕೆ ಹೋದವರು ಹಗಲಿನ ಬಹುಪಾಲು ಹೊತ್ತನ್ನು ಅದರ ಬಾಗಿಲ ಹೊರಗೇ ಕಳೆಯುತ್ತಾರೆ. ಅಲ್ಲಿ ನೆರಳು ಕೊಡುವುದಕ್ಕೆಂದೇ ಕ್ಯಾರವಾನಿನ ಪಕ್ಕಕ್ಕೆ ಸಿಕ್ಕಿಸಿ ಹರಡುವ ಬಿಸಿಲು ಚಪ್ಪರಗಳು ಬಗೆಬಗೆಯಲ್ಲಿ ಸಿಗುತ್ತವೆ. ಕೊಳ್ಳುವವರು ಸಾಮಾನ್ಯವಾಗಿ ಬಣ್ಣ, ಉದ್ದ, ಬೆಲೆ ನೋಡಿ ತೀರ್ಮಾನಿಸಿಬಿಡುತ್ತಾರೆ. ನಿಜವಾಗಿ ನೋಡಬೇಕಾದದ್ದು, ನೀವು ಕುರ್ಚಿ ಹಾಕಿ ಕೂರುವ ಹೊತ್ತಿಗೆ ಅದರ ನೆರಳು ಎಲ್ಲಿ ಬೀಳುತ್ತದೆ ಎಂಬುದನ್ನು.

ನೆರಳಿನ ಲೆಕ್ಕ

ಚಪ್ಪರದ ಬಟ್ಟೆ ಎಷ್ಟು ಅಗಲವಿದೆಯೋ ಅಷ್ಟೇ ಅಗಲದ ನೆರಳು ಸಿಗುವುದು ಸೂರ್ಯ ನೆತ್ತಿಯ ಮೇಲಿದ್ದಾಗ ಮಾತ್ರ. ಉಳಿದ ಹೊತ್ತಿನಲ್ಲಿ ನೆರಳು ಸರಿಯುತ್ತದೆ, ಮತ್ತು ಬಿಸಿಲು ಎದುರಿನಿಂದ ಬರುತ್ತಿದ್ದರೆ ಅದು ಕ್ಯಾರವಾನಿನ ಗೋಡೆಯ ಕಡೆಗೇ ಸರಿಯುತ್ತದೆ. ಮುಂದಕ್ಕೆ 2.4 ಮೀಟರ್ ಚಾಚುವ, ಮುಂದಿನ ಅಂಚು ನೆಲದಿಂದ 2.1 ಮೀಟರ್ ಎತ್ತರದಲ್ಲಿರುವ ಒಂದು ಚಪ್ಪರವನ್ನು ತೆಗೆದುಕೊಳ್ಳಿ. ಸೂರ್ಯ ಎದುರಿನಲ್ಲಿ 60 ಡಿಗ್ರಿ ಎತ್ತರದಲ್ಲಿದ್ದಾಗ ನೆಲದ ಮೇಲೆ ಉಳಿಯುವ ನೆರಳಿನ ಪಟ್ಟಿ ಸುಮಾರು 1.2 ಮೀಟರ್, ಅದೇ ಸೂರ್ಯ 45 ಡಿಗ್ರಿಗೆ ಇಳಿದಾಗ ಉಳಿಯುವುದು ಬರೀ 30 ಸೆಂಟಿಮೀಟರ್. ಸೂರ್ಯ 41 ಡಿಗ್ರಿಗಿಂತ ಕೆಳಗಿಳಿದನೆಂದರೆ ನೆಲಕ್ಕೆ ನೆರಳೇ ಇಲ್ಲ, ಅದೆಲ್ಲ ಗೋಡೆಯ ಮೇಲೆ ಹತ್ತಿರುತ್ತದೆ.

ಇದಕ್ಕೆ ಕೋಷ್ಟಕ ಬೇಡ, ಒಂದು ಮೀಟರ್ ಉದ್ದದ ಕೋಲು ಸಾಕು. ನೀವು ಹೊರಗೆ ಕೂರಬೇಕೆಂದಿರುವ ಹೊತ್ತಿನಲ್ಲಿ, ಅಂದರೆ ಬೆಳಗಿನ ಹತ್ತಕ್ಕೋ ಮಧ್ಯಾಹ್ನದ ಮೂರೂವರೆಗೋ, ಸಮತಟ್ಟಾದ ನೆಲದಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳನ್ನು ಅಳೆಯಿರಿ. ನೆರಳು 60 ಸೆಂಟಿಮೀಟರ್ ಬಂದರೆ, 0.6ನ್ನು ಚಪ್ಪರದ ಮುಂದಿನ ಅಂಚಿನ ಎತ್ತರದಿಂದ ಗುಣಿಸಬೇಕು. 2.1 ಮೀಟರ್ ಎತ್ತರಕ್ಕೆ ಉತ್ತರ 1.26 ಮೀಟರ್. ಬಿಸಿಲು ನೇರ ಎದುರಿನಿಂದ ಬಿದ್ದಾಗ ಚಪ್ಪರದ ಚಾಚಿನಲ್ಲಿ ಅಷ್ಟು ಭಾಗ ನಿಮ್ಮ ಪಾಲಿಗಿಲ್ಲ ಎಂದು ಲೆಕ್ಕ. ಪಕ್ಕದಿಂದ ಬೀಳುವ ಬಿಸಿಲಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಆಗ ಕಳೆದುಕೊಳ್ಳುವುದು ಚಾಚನ್ನಲ್ಲ, ಉದ್ದವನ್ನು.

ಈ ಲೆಕ್ಕ ಮಾಡಿ ನೋಡಿದವರಿಗೆ, ಇನ್ನೂ ದೊಡ್ಡ ಚಪ್ಪರ ಕೊಳ್ಳುವುದಕ್ಕಿಂತ ಮುಂದಿನ ಅಂಚಿಗೆ ಒಂದು ಪರದೆ ಇಳಿಬಿಡುವುದು ಜಾಣತನ ಎಂಬುದು ತಾನಾಗಿ ಹೊಳೆಯುತ್ತದೆ. ಒಂದು ಮೀಟರ್ ಪರದೆ ಇಳಿಬಿಟ್ಟರೆ ಅಂಚು 1.1 ಮೀಟರಿಗೆ ಇಳಿದಂತೆ. 45 ಡಿಗ್ರಿ ಬಿಸಿಲಿನಲ್ಲಿ 30 ಸೆಂಟಿಮೀಟರ್ ಇದ್ದ ನೆರಳು 1.3 ಮೀಟರಿಗೆ ಏರುತ್ತದೆ. ಆದ್ದರಿಂದ ಮುಂಭಾಗಕ್ಕೂ ಎರಡು ಪಕ್ಕಗಳಿಗೂ ಪರದೆಗಳನ್ನು ಜಿಪ್ಪಿನಿಂದಲೋ ಕೊಕ್ಕೆಯಿಂದಲೋ ಸೇರಿಸಲು ಬರುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು. ಜಾಳಿಗೆಯಂಥ ನೇಯ್ಗೆಯ ಪರದೆಯಾದರೆ ನೆರಳಿನ ಜೊತೆಗೆ ಗಾಳಿಯೂ ಆಡುತ್ತದೆ. ಚಪ್ಪರದ ಬೆಲೆಗೆ ಪರದೆಗಳ ಬೆಲೆಯನ್ನೂ ಸೇರಿಸಿಯೇ ಹೋಲಿಕೆ ಮಾಡಿ. ಅಂಗಡಿಯವರು ಹೇಳುವ ಮೊದಲ ಬೆಲೆಯಲ್ಲಿ ಅವು ಬಹುತೇಕ ಇರುವುದಿಲ್ಲ.

ಕ್ಯಾರವಾನಿನ ಅಳತೆ

ಕ್ಯಾರವಾನಿನ ಪಕ್ಕದ ಮೇಲಂಚಿನಲ್ಲಿ ಉದ್ದಕ್ಕೂ ಅಲ್ಯೂಮಿನಿಯಂ ಚಾನೆಲ್ ಒಂದು ಓಡುತ್ತದೆ. ಚಪ್ಪರದ ಹಿಂದಿನ ಅಂಚಿನಲ್ಲಿ ಹೊಲಿದಿರುವ ದುಂಡನೆಯ ಹುರಿಯನ್ನು ಈ ಚಾನೆಲ್ಲಿನ ಒಂದು ತುದಿಯಿಂದ ತೂರಿಸಿ ಎಳೆದರೆ ಬಟ್ಟೆ ಗೋಡೆಗೆ ಕಚ್ಚಿಕೊಳ್ಳುತ್ತದೆ. ಹುರಿಯ ದಪ್ಪ ಸಾಮಾನ್ಯವಾಗಿ 5ರಿಂದ 7 ಮಿಲಿಮೀಟರ್. ಹೆಚ್ಚು ದಪ್ಪವಾದರೆ ಅರ್ಧದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ತೆಳುವಾದರೆ ಗಾಳಿ ಜೋರಾದಾಗ ಕಳಚಿ ಹೊರಬರುತ್ತದೆ. ಹಾಗಾಗಿ ಚಾನೆಲ್ಲಿನ ಒಳ ಅಗಲವನ್ನೂ ಬಾಯಿಯ ಸಂದನ್ನೂ ಬರೆದಿಟ್ಟುಕೊಂಡೇ ಅಂಗಡಿಗೆ ಹೋಗುವುದು ಒಳ್ಳೆಯದು. ಸಾಧ್ಯವಾದರೆ ಹುರಿಯ ಒಂದು ತುಂಡನ್ನು ತಂದು ತೂರಿಸಿ ನೋಡಬಹುದು.

ಎತ್ತರವನ್ನು ಅಳೆಯುವ ಮೊದಲು ಕ್ಯಾರವಾನನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮೂಲೆಯ ಕಾಲುಗಳನ್ನು ಇಳಿಸಿ, ನೆಲಗಟ್ಟಿನ ಮೇಲೆ ರಸಮಟ್ಟ ಇಟ್ಟು ನೋಡಿ. ಕಾರಿಗೆ ಕಟ್ಟಿದ ಸ್ಥಿತಿಯಲ್ಲಿ ಮುಂಭಾಗ ಒಂದಿಷ್ಟು ಮೇಲೋ ಕೆಳಗೋ ಇರುವುದರಿಂದ ಆಗ ತೆಗೆದ ಅಳತೆಯನ್ನು ನಂಬುವಂತಿಲ್ಲ. ನಂತರ ಚಾನೆಲ್ಲಿನಿಂದ ನೆಲದವರೆಗೆ ಎರಡೂ ತುದಿಗಳಲ್ಲಿ ಟೇಪು ಬಿಡಬೇಕು. ತಯಾರಕರು ತಮ್ಮ ಚಪ್ಪರ ಎಷ್ಟು ಎತ್ತರದಿಂದ ಎಷ್ಟು ಎತ್ತರದವರೆಗಿನ ಚಾನೆಲ್ಲಿಗೆ ಹೊಂದುತ್ತದೆ ಎಂಬುದನ್ನು ನಮೂದಿಸಿರುತ್ತಾರೆ. ನಿಮ್ಮ ಅಂಕಿ ಆ ಎರಡರ ನಡುವೆ ಬರಬೇಕು, ತುದಿಗೆ ಅಂಟಿಕೊಂಡಿದ್ದರೆ ಸ್ವಲ್ಪ ಅನುಮಾನದಿಂದಲೇ ನೋಡಿ.

ಉದ್ದ ಅಳೆಯುವಾಗ ಲೆಕ್ಕಕ್ಕೆ ಬರುವುದು ಚಾನೆಲ್ ನೇರವಾಗಿ ಓಡುವ ಭಾಗ ಮಾತ್ರ. ಅನೇಕ ಕ್ಯಾರವಾನುಗಳಲ್ಲಿ ಅದು ಎರಡೂ ತುದಿಗಳಲ್ಲಿ ಬಾಗಿ ಕೆಳಗಿಳಿಯುತ್ತದೆ, ಮತ್ತು ಚಪ್ಪಟೆ ಚಪ್ಪರವನ್ನು ಆ ಬಾಗಿನವರೆಗೂ ಎಳೆದರೆ ಮೂಲೆಗಳಲ್ಲಿ ಬಟ್ಟೆ ಸುಕ್ಕುಗಟ್ಟಿ ನೀರು ನಿಲ್ಲುತ್ತದೆ. ಪೂರ್ತಿ ಗೋಡೆಗಳಿರುವ ಗುಡಾರಗಳನ್ನು ಮಾತ್ರ ನೆಲದಿಂದ ಹೊರಟು ಚಾನೆಲ್ಲಿನ ಉದ್ದಕ್ಕೂ ಸಾಗಿ ಮತ್ತೆ ನೆಲಕ್ಕೆ ಬರುವ ಸುತ್ತಳತೆಯಲ್ಲಿ ಮಾರುತ್ತಾರೆ. ಆ ಅಂಕಿಯನ್ನು ಚಪ್ಪರದ ಉದ್ದವೆಂದು ತಿಳಿದರೆ ತಂದ ಸರಕನ್ನು ವಾಪಸು ಹೊತ್ತೊಯ್ಯಬೇಕಾಗುತ್ತದೆ.

ಅಳತೆ ಮುಗಿದ ಮೇಲೆ ಬಾಗಿಲನ್ನು ಪೂರ್ತಿ ತೆರೆದು, ಅದರ ಮೇಲಿನ ಮೂಲೆಗೂ ಚಾನೆಲ್ಲಿಗೂ ಎಷ್ಟು ಅಂತರವಿದೆ ಎಂದು ನೋಡಿ. ಇಳಿಜಾರಾಗಿ ಬರುವ ಬಟ್ಟೆಗೆ ಬಾಗಿಲ ಮೂಲೆ ಪ್ರತಿಸಲ ಉಜ್ಜುತ್ತಿದ್ದರೆ ಆ ಜಾಗ ಬೇಗ ಹರಿಯುತ್ತದೆ. ಆ ಪಕ್ಕದಲ್ಲಿ ಗ್ಯಾಸ್ ಫ್ರಿಜ್ಜಿನ ಗಾಳಿಕಿಂಡಿಯಾಗಲಿ ಹೀಟರಿನ ಹೊಗೆ ಕೊಳವೆಯಾಗಲಿ ಇದ್ದರೆ ಅವುಗಳ ಮೇಲೆ ಪರದೆ ಬರಬಾರದು. ಪರದೆಗಳಿಂದ ಮುಚ್ಚಿದ ಚಪ್ಪರದೊಳಗೆ ಇದ್ದಿಲು ಒಲೆಯನ್ನಂತೂ ಹಚ್ಚಲೇಬಾರದು, ಏಕೆಂದರೆ ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಬಟ್ಟೆಯ ಚೀಟಿಯನ್ನು ಓದುವುದು

ಚೀಟಿಯ ಮೇಲೆ ಹಲವು ಅಂಕಿಗಳಿರುತ್ತವೆ. ಯುಪಿಎಫ್ 50 ಎಂದಿದ್ದರೆ ಅತಿನೇರಳೆ ಕಿರಣಗಳಲ್ಲಿ ಐವತ್ತರಲ್ಲಿ ಒಂದು ಪಾಲು, ಅಂದರೆ ಶೇ 2ರಷ್ಟು ಮಾತ್ರ ಬಟ್ಟೆಯನ್ನು ದಾಟುತ್ತದೆ. ಚರ್ಮದ ರಕ್ಷಣೆಗೆ ಇದು ಒಳ್ಳೆಯ ಅಳತೆ, ಆದರೆ ತಂಪಿನ ವಿಚಾರದಲ್ಲಿ ಏನನ್ನೂ ಹೇಳುವುದಿಲ್ಲ. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಪಾಲು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳದ್ದು. ಗಾಢ ಬಣ್ಣದ ಬಟ್ಟೆ ಬೆಳಕನ್ನು ಚೆನ್ನಾಗಿ ತಡೆದರೂ ತಾನು ಕಾದು ಆ ಶಾಖವನ್ನು ಕೆಳಗೆ ಕೂತವರ ತಲೆಯ ಮೇಲೆ ಬಿಡುತ್ತದೆ. ತೆಳು ತಿಳಿಬಣ್ಣದ ಬಟ್ಟೆ ಅಷ್ಟು ಕಾಯುವುದಿಲ್ಲ, ಆದರೆ ಕಣ್ಣು ಕುಕ್ಕುವಷ್ಟು ಬೆಳಕನ್ನು ಒಳಬಿಡುತ್ತದೆ. ಮೇಲ್ಮೈ ತಿಳಿಬಣ್ಣದ್ದಾಗಿಯೋ ಬೆಳ್ಳಿ ಲೇಪದ್ದಾಗಿಯೋ ಇದ್ದು ಒಳಮೈ ಗಾಢವಾಗಿರುವ ದಟ್ಟ ನೇಯ್ಗೆಯ ಬಟ್ಟೆ ಸಿಕ್ಕರೆ ನನ್ನ ಆಯ್ಕೆ ಅದೇ.

ನೀರು ತಡೆಯುವ ಗುಣವನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. 3,000 ಮಿಲಿಮೀಟರ್ ಎಂದರೆ ಬಟ್ಟೆಯ ಮೇಲೆ ಮೂರು ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸುವವರೆಗೆ ಹನಿ ಒಳಬರಲಿಲ್ಲ ಎಂದರ್ಥ. ಬಿಸಿಲಿಗಾಗಿ ಕೊಳ್ಳುವವರು ಈ ಅಂಕಿಯ ಬೆನ್ನು ಹತ್ತಬೇಕಾಗಿಲ್ಲ. ಹೊಲಿಗೆಗಳ ಮೇಲೆ ಒಳಗಿನಿಂದ ಟೇಪು ಅಂಟಿಸಿದ್ದಾರೆಯೇ ಎಂದು ಬೆರಳಾಡಿಸಿ ನೋಡುವುದು ಹೆಚ್ಚು ಉಪಯುಕ್ತ, ಏಕೆಂದರೆ ನೀರು ಸೋರುವುದು ಬಹುಮಟ್ಟಿಗೆ ಸೂಜಿ ತೂತುಗಳಲ್ಲೇ. ಡೆನಿಯರ್ ಎಂಬುದು 9,000 ಮೀಟರ್ ಎಳೆಯ ತೂಕ ಎಷ್ಟು ಗ್ರಾಂ ಎಂದು ತಿಳಿಸುವ ಅಂಕಿ. ಅದು ಹೆಚ್ಚಿದಷ್ಟೂ ಎಳೆ ದಪ್ಪ, ಬಟ್ಟೆ ಭಾರ.

ಪಾಲಿಯೆಸ್ಟರ್ ಹಗುರ, ಬೇಗ ಒಣಗುತ್ತದೆ, ಒದ್ದೆಯಾದರೂ ಜೋಲುವುದಿಲ್ಲ. ಆದರೆ ಅದರ ಒಳಲೇಪ ವರ್ಷಗಟ್ಟಲೆ ಬಿಸಿಲು ತಿಂದ ಮೇಲೆ ಅಂಟಂಟಾಗಿ ಕಿತ್ತುಬರಲು ತೊಡಗುತ್ತದೆ. ನೂಲಿನ ಹಂತದಲ್ಲೇ ಬಣ್ಣ ಕೂಡಿಸಿದ ಅಕ್ರಿಲಿಕ್ ಬಣ್ಣಗೆಡದೆ ಬಾಳುತ್ತದೆ, ಉಸಿರಾಡುತ್ತದೆ, ಹೊತ್ತು ತಿರುಗಲು ಮಾತ್ರ ಭಾರ. ಹತ್ತಿಯ ಕೆಳಗೆ ಕೂರುವ ಹಿತವೇ ಬೇರೆ, ಆದರೆ ಒದ್ದೆಯಾಗಿ ಮಡಚಿಟ್ಟರೆ ಬೂಷ್ಟು ಹಿಡಿಯುವುದು ಖಚಿತ.

ಕಂಬಗಳೋ, ಸುರುಳಿಯೋ

ಕಂಬ ನೆಟ್ಟು ಹಗ್ಗ ಬಿಗಿಯುವ ಚಪ್ಪರ ಒಂದು ಬಗೆ. ಕ್ಯಾರವಾನಿನ ಗೋಡೆಗೇ ಕೂಡಿಸಿದ ಪೆಟ್ಟಿಗೆಯಿಂದ ಹಿಡಿಕೆ ತಿರುಗಿಸಿ ಬಿಚ್ಚುವ ಸುರುಳಿ ಚಪ್ಪರ ಇನ್ನೊಂದು ಬಗೆ. ಸುರುಳಿಯ ಅನುಕೂಲವನ್ನು ಅಲ್ಲಗಳೆಯಲಾಗದು, ಒಬ್ಬರೇ ಕೆಲವೇ ನಿಮಿಷಗಳಲ್ಲಿ ಬಿಚ್ಚಬಹುದು. ಆದರೆ ಅದರ ತೂಕ 20 ಕಿಲೋ ದಾಟುವುದು ಸಾಮಾನ್ಯ, ಮತ್ತು ಆ ಭಾರ ಗಾಡಿಯ ಒಂದೇ ಪಕ್ಕದಲ್ಲಿ, ಅದೂ ಎತ್ತರದಲ್ಲಿ ಖಾಯಂ ಆಗಿ ಕೂತಿರುತ್ತದೆ. ಎಳೆದುಕೊಂಡು ಹೋಗುವ ಗಾಡಿ ರಸ್ತೆಯಲ್ಲಿ ಓಲಾಡದಿರಬೇಕಾದರೆ ಭಾರ ಕೆಳಗೆ, ಅಚ್ಚಿನ ಹತ್ತಿರ ಇರಬೇಕು. ಕಂಬದ ಚಪ್ಪರವನ್ನು ಚೀಲಕ್ಕೆ ತುಂಬಿ ಅಲ್ಲೇ ನೆಲದ ಮೇಲೆ ಇಡಬಹುದು. ಕ್ಯಾರವಾನಿಗೆ ಅನುಮತಿಸಿದ ಗರಿಷ್ಠ ತೂಕದಲ್ಲಿ ಸಾಮಾನಿಗೆ ಉಳಿದಿರುವ ಪಾಲು ಎಷ್ಟು ಎಂದು ನೋಡಿಕೊಂಡ ಬಳಿಕವೇ ಈ ತೀರ್ಮಾನಕ್ಕೆ ಕೈಹಾಕುವುದು ಸರಿ. ಸ್ಥಳದಿಂದ ಸ್ಥಳಕ್ಕೆ ದಿನವೂ ಸಾಗುವವರಿಗೆ ಸುರುಳಿ ಒಪ್ಪುತ್ತದೆ. ಒಂದೆಡೆ ವಾರಗಟ್ಟಲೆ ಬೀಡುಬಿಡುವವರು ಆ ಭಾರವನ್ನು ಸುಮ್ಮನೆ ಹೊತ್ತಂತೆ.

ಕಂಬಗಳಲ್ಲಿ ಉಕ್ಕು ಗಟ್ಟಿ, ಆದರೆ ತುಕ್ಕು ಹಿಡಿಯುತ್ತದೆ, ಅಲ್ಯೂಮಿನಿಯಂ ಹಗುರ, ಫೈಬರ್ ಗ್ಲಾಸ್ ಬಾಗುತ್ತದೆ, ಆದರೆ ಸೀಳಿದರೆ ಸಿಬಿರು ಕೈಗೆ ಚುಚ್ಚುತ್ತದೆ. ಯಾವುದೇ ಇರಲಿ, ಎತ್ತರ ಹೊಂದಿಸುವ ಬಿಗಿಗೀಲು ಜಾರದಂತಿರಬೇಕು. ಅಂಗಡಿಯಲ್ಲೇ ಕಂಬವನ್ನು ಉದ್ದ ಮಾಡಿ ಬಿಗಿದು, ಅದರ ಮೇಲೆ ಎರಡೂ ಕೈಯೂರಿ ಒತ್ತಿ ನೋಡಲು ಸಂಕೋಚಪಡಬೇಡಿ.

ಮಳೆ ಮತ್ತು ಗಾಳಿ

ಬಿಸಿಲಿಗೆಂದು ಕಟ್ಟಿದ ಚಪ್ಪರ ಹಾಳಾಗುವುದು ಹೆಚ್ಚಾಗಿ ಮಳೆಗೆ, ಗಾಳಿಗೆ. ಒಂದು ಚದರ ಮೀಟರ್ ಬಟ್ಟೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್, ಅಂದರೆ ಒಂದು ಕಿಲೋ ನೀರು. ಮೂರೂವರೆ ಮೀಟರ್ ಉದ್ದ, 2.4 ಮೀಟರ್ ಚಾಚಿನ ಚಪ್ಪರದ ಮೇಲೆ 10 ಮಿಲಿಮೀಟರ್ ಮಳೆ ಸುರಿದು ಹರಿಯದೆ ನಿಂತರೆ 84 ಕಿಲೋ. ಎತ್ತರದ ಆಳೊಬ್ಬ ಬಟ್ಟೆಯ ನಡುವೆ ಬಂದು ಮಲಗಿದಂತೆ. ಆದ್ದರಿಂದ ಮುಂದಿನ ಒಂದು ಕಂಬವನ್ನು ಇನ್ನೊಂದಕ್ಕಿಂತ ಗೇಣುದ್ದ ತಗ್ಗಿಸಿ ನೀರಿಗೆ ದಾರಿ ಮಾಡಬೇಕು. ಕೊಳ್ಳುವಾಗ ನಡುವೆ ಬಟ್ಟೆಯನ್ನು ಎತ್ತಿ ಹಿಡಿಯುವ ಅಡ್ಡಕೋಲು ಇದೆಯೇ ಎಂದು ಕೇಳಿ.

ಗಾಳಿಯ ವೇಗ ಇಮ್ಮಡಿಸಿದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಪ್ರತಿ ಮೂಲೆಯಲ್ಲೂ ಎಳೆಹಗ್ಗಕ್ಕೆ ಗಟ್ಟಿ ಉಂಗುರವಿರಬೇಕು, ಅದರ ಸುತ್ತಲಿನ ಬಟ್ಟೆ ಎರಡು ಮೂರು ಪದರವಾಗಿ ಹೊಲಿದಿರಬೇಕು. ಚೀಲದ ಜೊತೆ ಕೊಡುವ ತೆಳು ಗೂಟಗಳನ್ನು ನೆಚ್ಚಬೇಡಿ. ಗಟ್ಟಿ ನೆಲಕ್ಕೆ ಉಕ್ಕಿನ ದಪ್ಪ ಗೂಟ ಬೇಕು, ಮರಳಿಗೆ ಅಗಲ ಅಲಗಿನ ಗೂಟ ಬೇಕು. ಗೂಟದ ತಲೆ ಚಪ್ಪರದಿಂದ ಆಚೆಗೆ ವಾಲಿರುವಂತೆ ಓರೆಯಾಗಿ ಹೊಡೆಯಬೇಕು. ಸುರುಳಿ ಚಪ್ಪರವಾದರೆ ಗಾಳಿ ಏಳುವ ಮೊದಲೇ, ಮಲಗುವ ಮುನ್ನವಂತೂ ತಪ್ಪದೆ ಸುತ್ತಿಡಿ. ಅದು ಕಿತ್ತರೆ ಬಟ್ಟೆಯಷ್ಟೇ ಹೋಗುವುದಿಲ್ಲ, ಗೋಡೆಯ ತಿರುಪುಗಳನ್ನೂ ಎಳೆದುಕೊಂಡು ಹೋಗುತ್ತದೆ.

ತಂದ ಮೇಲೆ ಪ್ರವಾಸಕ್ಕೆ ಹೊರಡುವ ಮೊದಲೇ ಒಮ್ಮೆ ಕಟ್ಟಿ ನೋಡುವುದು ಅವಶ್ಯ. ಚಾನೆಲ್ಲಿನ ಒಳಗಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ತುದಿಯ ಚೂಪನ್ನು ಅರದಿಂದ ಉಜ್ಜಿ, ಹುರಿಗೆ ಮೇಣದ ಬತ್ತಿ ಸವರಿ. ಒಬ್ಬರು ತೂರಿಸುತ್ತಾ ಹೋದಂತೆ ಇನ್ನೊಬ್ಬರು ಹುರಿಯನ್ನು ಹಿಡಿದೇ ಎಳೆಯಬೇಕು, ಬಟ್ಟೆಯನ್ನು ಹಿಡಿದು ಜಗ್ಗಬಾರದು. ಕೂಡಿಸಿದ ಚಪ್ಪರವನ್ನು ಸಂಜೆಯವರೆಗೆ ಹಾಗೇ ಬಿಟ್ಟು, ಮತ್ತೆ ಅದೇ ಟೇಪಿನಿಂದ ನೆಲದ ನೆರಳನ್ನು ಅಳೆಯಿರಿ. ಲೆಕ್ಕಕ್ಕೂ ಅದಕ್ಕೂ ತಾಳೆಯಾಗದಿದ್ದರೆ ಕಂಬದ ಎತ್ತರ ತಿದ್ದಿ. ಅಷ್ಟಕ್ಕೂ ಸಾಲದಾದರೆ, ಬಟ್ಟೆ ಕೊಳೆಯಾಗುವ ಮುಂಚೆ ಅಂಗಡಿಗೆ ಹೋಗಿ ಬದಲಾಯಿಸಿಕೊಳ್ಳಲು ರಸೀದಿಯನ್ನು ಜೋಪಾನವಾಗಿ ಇಟ್ಟುಕೊಂಡಿರಿ.