ಹಟ್ಟಿಯಿಂದ ಸ್ಪ್ಯಾನಿಷ್ ಸಾಹಿತ್ಯದ ಕಡೆಗೆ

ಸ್ಪ್ಯಾನಿಷ್ ಸಾಹಿತ್ಯದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ ಎಂದರೆ ನಮ್ಮ ಕಡೆಯವರು ಸ್ಪೇನಿನ ಸುದ್ದಿ ವಿಚಾರಿಸುತ್ತಾರೆ. ನನ್ನ ಕೆಲಸವಿರುವುದು ಸ್ಪ್ಯಾನಿಷ್ ಆಡುವ ದಕ್ಷಿಣ ಅಮೆರಿಕದ ಚಿಲಿ, ಬೊಲಿವಿಯಾಗಳ ಗಣಿ ಊರುಗಳ ಬರಹದಲ್ಲಿ. ನಾನು ಬೆಳೆದದ್ದು ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ, ಅಪ್ಪ ಚಿನ್ನದ ಗಣಿಯ ಕಾರ್ಮಿಕರು.

ರಾಯಚೂರಿನಲ್ಲಿ ಬಿ.ಎ. ಮುಗಿಸಿ ಹೈದರಾಬಾದಿಗೆ ಹೋದೆ. ಅಲ್ಲಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್ ಕಲಿಸುತ್ತಾರೆ. ನಮಗೆ ಬೆಂಗಳೂರಿಗಿಂತ ಅದೇ ಹತ್ತಿರ. ಕನ್ನಡ ಬಲ್ಲವರಿಗೆ ಉಚ್ಚಾರ ಕಷ್ಟವಲ್ಲ. ‘ಬಂದೆ’ ಎಂದರೆ ‘ನಾನು’ ಬೇಕಿಲ್ಲದ ಹಾಗೆ ಅಲ್ಲಿಯೂ ಕ್ರಿಯಾಪದವೇ ಕರ್ತೃವನ್ನು ಹೇಳಿಬಿಡುತ್ತದೆ. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ ಎಂಬುದನ್ನು ಮಾತ್ರ ಬಾಯಿಪಾಠ ಮಾಡದೆ ಗತಿಯಿಲ್ಲ.

ವ್ಯಾಕರಣ ಪೂರ್ತಿ ಕೈಗೆ ಬರಲಿ ಎಂದು ನಾನು ಕಾಯಲಿಲ್ಲ. ಚಿಲಿಯ ಬಾಲ್ದೊಮೆರೊ ಲಿಯೊ 1904ರಲ್ಲಿ ಪ್ರಕಟಿಸಿದ ‘ಸುಬ್ ತೆರ್ರಾ’ ಸಂಕಲನದಿಂದ ಒಂದು ಕಥೆ ಆರಿಸಿಕೊಂಡೆ. ಮೊದಲು ನಿಘಂಟಿಲ್ಲದೆ ಗಟ್ಟಿಯಾಗಿ ಓದಿದೆ, ಆಮೇಲೆ ಕೈಯಲ್ಲಿ ನಕಲು ಮಾಡಿದೆ, ಕೊನೆಗೆ ನಿಘಂಟು ತೆರೆದೆ. ಆ ಕಥೆಯಲ್ಲಿ ಕಲ್ಲಿದ್ದಲು ಗಣಿಯ ಹನ್ನೆರಡನೆಯ ಬಾಗಿಲು ಕಾಯಲು ಎಂಟು ವರ್ಷದ ಮಗನನ್ನು ಅಪ್ಪನೇ ಕರೆದೊಯ್ಯುತ್ತಾನೆ. ಹುಡುಗ ಅತ್ತು ರಂಪ ಮಾಡಿದಾಗ ಹಗ್ಗದಿಂದ ಅಲ್ಲಿಯೇ ಕಟ್ಟಿಹಾಕುತ್ತಾನೆ. ತರಗತಿಯಲ್ಲಿ ಹಲವರು ಆ ಅಪ್ಪನನ್ನು ಕ್ರೂರಿ ಎಂದರು. ಕೂಲಿ ತಪ್ಪಿದ ದಿನ ಗಣಿ ಕಾರ್ಮಿಕರ ಮನೆ ಹೇಗಿರುತ್ತದೆ ಎಂದು ಬಲ್ಲ ನನಗೆ ಹಾಗೆನ್ನಲು ಬಾಯಿ ಬರಲಿಲ್ಲ. ಗಣಿ ಬದುಕಿನ ಬರಹವೇ ನನ್ನ ಸಂಶೋಧನೆಯ ವಿಷಯ ಎಂದು ನಿಶ್ಚಯವಾದದ್ದು ಆ ಚರ್ಚೆಯಲ್ಲಿ.

ಬೊಲಿವಿಯಾದ ತವರ ಗಣಿಯ ಕಾರ್ಮಿಕನೊಬ್ಬನ ಹೆಂಡತಿ ದೊಮಿತಿಲಾ ಬಾರಿಯೊಸ್ ದೆ ಚುಂಗಾರಾ ಹೇಳಿದ ಬದುಕಿನ ಕಥೆಯನ್ನು ಬ್ರೆಜಿಲ್‌ನ ಮೊಯೆಮಾ ವಿಯೆಜರ್ ದಾಖಲಿಸಿಕೊಂಡರು; ಅದು 1977ರಲ್ಲಿ ಪುಸ್ತಕವಾಯಿತು. ಇದು ಸಾಹಿತ್ಯವೇ, ಬರೀ ದಾಖಲೆಯೇ ಎಂದು ಹಿರಿಯ ವಿದ್ವಾಂಸರೊಬ್ಬರು ನನ್ನನ್ನು ಕೆಣಕಿದ್ದುಂಟು. ನನಗೆ ಅದಕ್ಕಿಂತ ಮುಖ್ಯವಾದದ್ದು ಬೇರೆ ಪ್ರಶ್ನೆ: ಪುಸ್ತಕ ಹೇಳಿದವರದೋ, ಬರೆದುಕೊಂಡವರದೋ? ಸಂಡೂರು ತಾಲ್ಲೂಕಿನ ಜನಪದ ಕಲಾವಿದೆ ದರೋಜಿ ಈರಮ್ಮನವರು ಹಾಡಿ ಹೇಳುತ್ತಿದ್ದ ಬುರ್ರಕಥೆಗಳು ಅಚ್ಚಾದಾಗಲೂ ಇದೇ ಪ್ರಶ್ನೆ ಏಳುತ್ತದೆ. ಓದು ಬರಹ ಬಾರದ ಅವರು ಹಾಡುತ್ತ ತಡೆದು ನಿಂತದ್ದು, ಕೇಳುವವರ ಮುಖ ನೋಡಿ ಕಥೆ ಬೆಳೆಸಿದ್ದು ಪುಟದ ಮೇಲೆ ಎಲ್ಲಿ ಉಳಿಯುತ್ತದೆ?

ಈ ದಾರಿ ಹಿಡಿಯುವವರು ಭಾಷಾ ಪ್ರಮಾಣಪತ್ರವನ್ನೂ ಗಮನಿಸಬೇಕು. ಸ್ಪೇನ್ ಸರ್ಕಾರದ ಇನ್ಸ್ತಿತೂತೊ ಸೆರ್ವಾಂತೆಸ್ ‘ದೆಲೆ’ ಪರೀಕ್ಷೆ ನಡೆಸುತ್ತದೆ. ಎ1ರಿಂದ ಸಿ2ರವರೆಗೆ ಆರು ಹಂತಗಳಿವೆ. ಶುಲ್ಕ ಹೆಚ್ಚು, ಹಾಗಾಗಿ ನಾನು ಕೆಳಗಿನ ಹಂತಗಳನ್ನು ಬಿಟ್ಟು ನೇರವಾಗಿ ಬಿ2 ಬರೆದೆ. ಈಗ ಬರೆಯುತ್ತಿರುವ ಅಧ್ಯಾಯದಲ್ಲಿ ದೊಮಿತಿಲಾ, ಈರಮ್ಮ ಇಬ್ಬರೂ ಇದ್ದಾರೆ. ವಿಭಾಗದವರಿಗೆ ಈರಮ್ಮನವರನ್ನು ಪರಿಚಯಿಸುವುದಕ್ಕೇ ಅದರ ಅರ್ಧ ಪುಟಗಳು ಹೋಗಿವೆ.